ನೀರಿಗೆ ಕೃಷ್ಣಾ ಎಂದವರು

ಮುಂಗಾರಿನ ಮೊದಲ ಮಳೆಗಾಗಿ ಜನ ಆಕಾಶ ನೋಡುತ್ತಿದ್ದ ವಾರದಲ್ಲಿ ಸುರಪುರದಲ್ಲಿ ನಮ್ಮ ಸರ್ ತೀರಿಕೊಂಡರು. ಐವತ್ತು ದಾಟಿ ಹೆಚ್ಚು ಕಾಲವಾಗಿರಲಿಲ್ಲ. ಪತ್ರಿಕೆಯಲ್ಲಿ ಸುದ್ದಿಯಾಗುವಂಥ ಮನುಷ್ಯರಲ್ಲ. ಆದರೆ ಯಾದಗಿರಿ, ಶಹಾಪುರ, ಸುರಪುರದ ಯಾವ ಕಚೇರಿಗಾದರೂ ಹೋಗಿ ಅಲ್ಲಿನ ಕಿರಿಯ ನೌಕರರನ್ನು ಮಾತಿಗೆಳೆದರೆ ಒಬ್ಬರಾದರೂ “ನಾವು ಸರ್ ಕಡಿ ಕಲ್ತವ್ರರಿ” ಎನ್ನುತ್ತಾರೆ. ಯಾವ ಸರ್ ಎಂದು ಯಾರೂ ಕೇಳುವುದಿಲ್ಲ. ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದ ಅಭ್ಯಾಸ ನನಗಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಾಮಾನ್ಯ ಜ್ಞಾನ ಮತ್ತು ಇಂಗ್ಲಿಷ್ ಹೇಳಿಕೊಡುವುದು ಅವರ ಕೆಲಸವಾಗಿತ್ತು. ಸುರಪುರದ ಪೇಟೆಯಲ್ಲಿ ಹಿಟ್ಟಿನ ಗಿರಣಿಯೊಂದರ ಮಾಳಿಗೆಯ ಮೇಲೆ ಅವರ ಕ್ಲಾಸು. ಕೆಳಗೆ ಜೋಳ ಬೀಸುವ ಸದ್ದು, ಮೇಲೆ ಸರ್ ದನಿ. ಗಿರಣಿ ನಿಂತ ಗಳಿಗೆಯಲ್ಲಿ ಅವರ ದನಿ ಇದ್ದಕ್ಕಿದ್ದಂತೆ ಬೀದಿಯವರೆಗೆ ಕೇಳುತ್ತಿತ್ತು. ಸಂತೆಗೆ ಬಂದ ಮಂದಿ ತಲೆಯೆತ್ತಿ ನೋಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ತೋರುಬೆರಳ ತುದಿಗೆ ಸದಾ ಸೀಮೆಸುಣ್ಣದ ಪುಡಿ. ಗೋಡೆಯಲ್ಲಿ ಭಾರತದ ಒಂದು ನಕಾಶೆ. ಬೆರಳು ಆಡಿಸಿ ಆಡಿಸಿ ಕೃಷ್ಣಾ ನದಿ ಹರಿಯುವ ಜಾಗದಲ್ಲಿ ಅದರ ಬಣ್ಣವೇ ಹೋಗಿತ್ತು.

ನಾನು ಶಿರವಾಳದ ಹತ್ತಿರದ ಹಳ್ಳಿಯವಳು. ನಮ್ಮದು ಕುರಿ ಕಾಯುವ ಮನೆತನ. ಡಿಗ್ರಿ ಮುಗಿಸಿ ಸುರಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಗ ಅಪ್ಪ ಒಂದು ಮುಂಜಾನೆ ಬಂದು ನನ್ನನ್ನು ಕರೆದುಕೊಂಡು ಆ ಮಾಳಿಗೆ ಹತ್ತಿದ. ಹೆಗಲ ಮೇಲೆ ಕಂಬಳಿ. ಹೊಸ್ತಿಲ ಹೊರಗೇ ನಿಂತು ಕೇಳಿದ.

“ಸರ್, ಈಕೀಗಿ ನೌಕರಿ ಯಾವಾಗ ಸಿಗ್ತದ್ರಿ?”

“ಅದೊಂದು ಸವಾಲು ಜನರಲ್ ನಾಲೆಜ್ಜಿನಾಗ ಇಲ್ಲ ಮಾವಾ” ಎಂದರು ಸರ್. “ಉಳಿದದ್ದು ಏನರೇ ಕೇಳು, ಹೇಳ್ತೀನಿ. ಒಳಗ ಬಾ, ಹೊರಗ ಯಾಕ ನಿಂತೀದಿ?”

ಅಪ್ಪ ಒಳಗೆ ಬಂದು ಕುಳಿತು, ಕೇಳಲೇಬೇಕು ಎಂಬಂತೆ, “ಕುರಿಗಿ ಇಂಗ್ಲಿಷಿನಾಗ ಏನಂತಾರ್ರಿ?” ಎಂದು ಕೇಳಿದ. ಸರ್ ನಗಲಿಲ್ಲ. ಬೋರ್ಡಿನ ಮೇಲೆ ಬರೆದರು, ಓದಿದರು. ಒಂದಿದ್ದರೂ ಅದೇ ಶಬ್ದ, ನೂರಿದ್ದರೂ ಅದೇ ಶಬ್ದ ಎಂದು ವಿವರಿಸಿದರು. ಅಪ್ಪ ಬಹಳ ಯೋಚನೆ ಮಾಡಿ, “ಹಂಗಾದ್ರ ಅವರು ಎಣಿಸೂದು ಹೆಂಗ್ರಿ?” ಎಂದ. ಇಡೀ ಕ್ಲಾಸು ನಕ್ಕಿತು. ಸರ್ ಮಾತ್ರ, “ಇದು ಸವಾಲು. ಹಿಂಗ ಕೇಳಾಕ ಕಲೀರಿ” ಎಂದು ನಮ್ಮನ್ನು ಗದರಿದರು. ಅವತ್ತಿನಿಂದ ಅಪ್ಪ ಅವರ ಪಕ್ಷ.

ಇಂಗ್ಲಿಷ್ ಕಲಿಸುವ ಅವರ ರೀತಿ ಬೇರೆಯೇ ಇತ್ತು. ವ್ಯಾಕರಣ ಆಮೇಲೆ. ಮೊದಲು ಎದ್ದು ನಿಲ್ಲಬೇಕು, ಏನಾದರೂ ಮಾತಾಡಬೇಕು. ನಿನ್ನೆ ಏನು ಉಂಡೆ, ಬಸ್ಸು ಯಾಕೆ ತಡವಾಯಿತು, ನಿಮ್ಮೂರ ಗುಡಿ ಹೇಗಿದೆ, ಹೀಗೆ. ತಪ್ಪು ಮಾತಾಡಿದರೆ ಅವರು ಮಧ್ಯ ಬಾಯಿ ಹಾಕುತ್ತಿರಲಿಲ್ಲ. ಸುಮ್ಮನೆ ನಿಂತರೆ ಮಾತ್ರ ಸಿಟ್ಟು. “ತಪ್ಪಿಗಿ ಮಾಫಿ ಅದ, ಮೌನಕ್ಕಿಲ್ಲ” ಎನ್ನುತ್ತಿದ್ದರು. ನನ್ನ ಮೊದಲ ಸರದಿಯಲ್ಲಿ ನಾನು ರೊಟ್ಟಿಯವರೆಗೆ ಹೇಗೋ ಬಂದು ನಿಂತುಬಿಟ್ಟೆ.

“ಸರ್, ಪುಂಡಿಪಲ್ಯಕ್ಕ ಇಂಗ್ಲಿಷಿನಾಗ ಏನಂತಾರ್ರಿ?”

“ಪುಂಡಿಪಲ್ಯ ಅಂತಾರ.”

“ಅವ್ರಿಗಿ ತಿಳೀಬೇಕಲ್ರಿ?”

“ತಿಳೀಲಿಲ್ಲಂದ್ರ ತಿಳಿಸಿ ಹೇಳು. ಹುಳಿ ಇರ್ತದ, ಎಲಿ ಇರ್ತದ, ನಮ್ಮವ್ವ ಬೆಳ್ಳುಳ್ಳಿ ಹಾಕಿ ಮಾಡ್ತಾಳ ಅಂತ ಹೇಳು. ಇಂಗ್ಲಿಷ್ ಅಂದ್ರ ಅದೇನವಾ, ಎದುರಿನಾಂವಗ ತಿಳಿಸಿ ಹೇಳೂದು.”

ಯಾಕೆ ಅವರಿಗೆ ಮೌನದ ಮೇಲೆ ಅಷ್ಟು ಸಿಟ್ಟು ಎಂದು ನಮಗೆ ಗೊತ್ತಾದದ್ದು ತಡವಾಗಿ. ಹರೆಯದಲ್ಲಿ ಅವರೂ ಒಂದು ದೊಡ್ಡ ಹುದ್ದೆಗೆ ಲಿಖಿತ ಪರೀಕ್ಷೆ ಪಾಸಾಗಿ ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿದ್ದರಂತೆ. ಮೇಜಿನ ಆಚೆ ಕುಳಿತವರಲ್ಲಿ ಒಬ್ಬರು ಇಂಗ್ಲಿಷಿನಲ್ಲಿ, ನಿಮ್ಮ ಊರಿನ ಬಗ್ಗೆ ಹೇಳಿ ಎಂದರಂತೆ. ಅಷ್ಟೇ ಪ್ರಶ್ನೆ. “ಊರು ಗೊತ್ತಿಲ್ಲಂತಲ್ಲ. ಅರಮನಿ ಗೊತ್ತು, ಗುಡ್ಡ ಗೊತ್ತು, ಕೆನಾಲು ಎಲ್ಲಿಂದ ಎಲ್ಲಿಗಿ ಹೋಗ್ತದ ಗೊತ್ತು. ಎಲ್ಲಾ ಎದಿಯಾಗ ಬಂದು ನಿಂತದ, ಬಾಯಿಗಿ ಬರವಲ್ದು. ಅವ್ರು ಪಾಪ ಭಾಳ ಹೊತ್ತು ಕಾದ್ರು” ಎಂದು ಒಂದು ದಿನ ಹೇಳಿದರು. ಹೇಳಿ, ನಕಾಶೆಯ ಕಡೆ ತಿರುಗಿ ಡಸ್ಟರಿನಿಂದ ಗೋಡೆ ಒರೆಸತೊಡಗಿದರು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಅವರ ಹೆಂಡತಿಯನ್ನು ನಾವು ವೈನಿ ಎನ್ನುತ್ತಿದ್ದೆವು. ಮಕ್ಕಳಿರಲಿಲ್ಲ. ಗುಡ್ಡದ ಬುಡದಲ್ಲಿ ಎರಡು ಕೋಣೆಯ ಮನೆ. ವೈನಿ ಶಾಲೆ ಬಿಟ್ಟದ್ದು ನಾಲ್ಕನೇ ಇಯತ್ತೆಗೆ. ಒಮ್ಮೆ ಯಾವುದೋ ಪುಸ್ತಕ ತರಲು ಸರ್ ನನ್ನನ್ನು ಮನೆಗೆ ಕಳಿಸಿದಾಗ ಆಕೆ ನನ್ನನ್ನು ಕೂರಿಸಿಕೊಂಡು, ಕ್ಲಾಸಿನಲ್ಲಿ ಅವರು ಏನೇನು ಮಾತಾಡುತ್ತಾರೆ ಎಂದು ಕೇಳಿದರು. ನಾನು ಹೇಳುತ್ತಾ ಹೋದೆ: ನಗಿಸ್ತಾರ, ಬಯ್ತಾರ, ಊರಿನ ಕಥಿ ಹೇಳ್ತಾರ. ವೈನಿ ಬೇರೆ ಯಾರದೋ ಗಂಡನ ಸುದ್ದಿ ಕೇಳುವಂತೆ ಕೇಳಿದರು.

“ಮನಿಯಾಗ ಮಾತೇ ಇಲ್ಲವಾ” ಎಂದರು ಕೊನೆಗೆ. “ಎಲ್ಲಾ ನಿಮಗ ಹಂಚಿ ಬರೂದ್ರಾಗ ಖಾಲಿ ಆಗಿರ್ತಾರ. ಉಣ್ಣಾಕ ಕೂಡ್ತಾರ, ಪೇಪರ್ ಹಿಡೀತಾರ. ನಾ ಏನರೇ ಅಂದ್ರ ಹ್ಞೂಂ ಅಂತಾರ, ಮುಗೀತು.”

ದೂರು ಹೇಳುವ ದನಿ ಅದಾಗಿರಲಿಲ್ಲ. ಬಿಸಿಲು ಹೆಚ್ಚಾಯಿತು ಎಂದಂತೆ ಇತ್ತು. ನನಗೆ ಅವತ್ತು ಸರ್ ಮೇಲೆ ಸ್ವಲ್ಪ ಬೇಸರವಾದದ್ದು ನಿಜ. ದೊಡ್ಡ ಮನುಷ್ಯರ ಸಣ್ಣತನ ಮೊದಲ ಸಲ ಕಂಡಾಗ ಆಗುವ ಬೇಸರ.

ಅದಾದ ಮರುವರ್ಷ, ಶ್ರಾವಣದ ಒಂದು ಮುಂಜಾನೆ ಸರ್ ಕ್ಲಾಸಿಗೆ ಬರಲಿಲ್ಲ. ನಾವು ಮೆಟ್ಟಿಲ ಮೇಲೆ ಕಾದು ಕುಳಿತಿದ್ದೆವು. ನನ್ನ ಜೊತೆಗೆ ಕಲಿಯುತ್ತಿದ್ದ ದೇವಿಂದ್ರಪ್ಪ, ಆಗ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದ ಹುಡುಗ, ಸೈಕಲ್ ಮೋಟಾರು ತೆಗೆದುಕೊಂಡು ಮನೆಗೆ ಹೋಗಿ ಬಂದು ಹೇಳಿದ: “ಸರ್‌ಗ ಲಕ್ವಾ ಹೊಡದದ. ಬಲಗೈ ಎತ್ತವಲ್ರು. ಕಲಬುರಗಿಗಿ ಒಯ್ಯಾಕತ್ತಾರ.”

ಕಲಬುರಗಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಕಾಲು ಎಳೆದು ನಡೆಯುವಷ್ಟಾದರು. ಆದರೆ ಮಾತು ಕೆಟ್ಟಿತ್ತು. ಹೋಗಿರಲಿಲ್ಲ, ಕೆಟ್ಟಿತ್ತು. ಡಾಕ್ಟರು ನಮಗೆ ತಿಳಿಸಿ ಹೇಳಿದರು: ಅವರಿಗೆ ಎಲ್ಲ ಅರ್ಥವಾಗುತ್ತದೆ, ಹೇಳಬೇಕಾದದ್ದೂ ಒಳಗೆ ಸ್ಪಷ್ಟವಾಗಿದೆ, ಆದರೆ ಬೇಕಾದ ಶಬ್ದ ಕೈಗೆ ಸಿಗುವುದಿಲ್ಲ. ಒಂದಕ್ಕೆ ಕೈ ಹಾಕಿದರೆ ಪಕ್ಕದ್ದು ಬರುತ್ತದೆ.

ಪಕ್ಕದ್ದು ಅಂದರೆ ಏನು ಎಂದು ನಮಗೆ ವಾರ್ಡಿನಲ್ಲೇ ಗೊತ್ತಾಯಿತು. ಸರ್ ತುಟಿ ಒಣಗಿಸಿಕೊಂಡು “ಕೃಷ್ಣಾ, ಕೃಷ್ಣಾ” ಎನ್ನತೊಡಗಿದರು. ಪಕ್ಕದ ಹಾಸಿಗೆಯ ಮುದುಕಿ ಕೈ ಮುಗಿದು, ದೇವರ ಧ್ಯಾನ ಮಾಡುತ್ತಿದ್ದಾರೆ ಎಂದಳು. ವೈನಿ ಗಾಬರಿಯಾದರು. “ನಮ್ಮ ಮನಿಯಾಗ ಶಿವಾ ಅಂತಾರ. ಕೃಷ್ಣಾ ಅಂದಿದ್ದು ನಾ ಒಂದಿನಾನೂ ಕೇಳಿಲ್ಲ” ಎಂದು ನನ್ನ ಮುಖ ನೋಡಿದರು. ಸರ್ ಇನ್ನೂ ಜೋರಾಗಿ ಅದನ್ನೇ ಹೇಳಿದರು. ಕಣ್ಣಲ್ಲಿ ಸಿಟ್ಟು ಬಂತು. ಆಗ ದೇವಿಂದ್ರಪ್ಪ ಹಣೆ ಬಡಿದುಕೊಂಡು, “ವೈನಿ, ನೀರ್ರಿ! ನದಿ ಹೆಸ್ರು ಹೇಳಾಕತ್ತಾರ, ನೀರು ಕೊಡ್ರಿ!” ಎಂದು ಕೂಗಿದ. ಸರ್ ಒಂದು ತಂಬಿಗೆ ನೀರನ್ನು ಗಟಗಟ ಕುಡಿದರು. ಕುಡಿದು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಇಷ್ಟು ವರ್ಷ ಅವರು ನಾಲಿಗೆಯ ಮೇಲೆ ಆಡಿಸಿದ್ದ ನದಿ, ರಾಜಧಾನಿ, ಯುದ್ಧ, ಕಾಯ್ದೆಗಳೆಲ್ಲ ಅಲ್ಲಿಯೇ ಇದ್ದವು. ಅನ್ನ, ನೀರು, ಬಾ, ಹೋಗು, ನೋವು ಎಂಬ ಮಾತುಗಳು ಮಾತ್ರ ಇಲ್ಲವಾಗಿದ್ದವು.

ಸರ್ ಊರಿಗೆ ಬಂದ ಮೇಲೆ ಕ್ಲಾಸನ್ನು ದೇವಿಂದ್ರಪ್ಪ ಮತ್ತು ನಾನು ಸೇರಿ ಹೇಗೋ ನಡೆಸುತ್ತಿದ್ದೆವು. ಅದು ಸರ್‌ಗೆ ಗೊತ್ತಿತ್ತು. ದೀಪಾವಳಿ ಕಳೆದ ಮೇಲೆ ಒಂದು ದಿನ ಅವರೇ ಎಡಗೈಯಿಂದ ಬಿಳಿ ಅಂಗಿ ತೋರಿಸಿ ಹಠ ಹಿಡಿದರು. ವೈನಿ ಅಂಗಿ ಇಸ್ತ್ರಿ ಮಾಡಿ ತೊಡಿಸಿ, ಜೇಬಿಗೆ ಎರಡೂ ಪೆನ್ನು ಸಿಕ್ಕಿಸಿದರು. ನಾವಿಬ್ಬರು ತೋಳು ಹಿಡಿದು ಮಾಳಿಗೆ ಹತ್ತಿಸಿದೆವು. ಆ ಹೊತ್ತಿಗೆ ಕ್ಲಾಸಿನಲ್ಲಿ ಹೊಸ ಹುಡುಗ ಹುಡುಗಿಯರೇ ಹೆಚ್ಚು. ಸರ್ ಹೆಸರು ಕೇಳಿ ಬಂದವರು, ಮುಖ ನೋಡಿದವರಲ್ಲ. ಎಲ್ಲರೂ ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿದರು.

ಸರ್ ಬೋರ್ಡಿನ ಮುಂದೆ ನಿಂತರು. ಮುಖದ ಮೇಲೆ ಹಳೆಯ ಕಳೆ ಬಂದಂತಿತ್ತು. ಕೂತುಕೊಳ್ಳಿ ಎಂಬಂತೆ ಕೈಯಾಡಿಸಿ ಬಾಯಿ ತೆರೆದರು.

“ಡಿಸ್‌ಮಿಸ್.”

ಹುಡುಗರು ಮುಖ ಮುಖ ನೋಡಿಕೊಂಡರು. ಸರ್ ತಲೆ ಅಲ್ಲಾಡಿಸಿ, ಇನ್ನಷ್ಟು ಬಿಗಿಯಾಗಿ, “ಡಿಸ್‌ಮಿಸ್! ಡಿಸ್‌ಮಿಸ್!” ಎಂದರು. ಮುಂದಿನ ಸಾಲಿನ ಹುಡುಗಿ ಮರ್ಯಾದೆಯಿಂದ ಚೀಲ ತೆಗೆದುಕೊಂಡಳು. ಅವಳ ಹಿಂದೆ ಉಳಿದವರು. ನಾನು “ಕೂಡ್ರಿ, ಕೂಡ್ರಿ” ಎಂದು ಕೂಗುವಷ್ಟರಲ್ಲಿ ಗಿರಣಿ ಶುರುವಾಗಿ ನನ್ನ ದನಿ ಮುಚ್ಚಿಹೋಯಿತು. ಸರ್ ಎಡಗೈ ಚಾಚಿ ಅವರನ್ನು ತಡೆಯಲು ನೋಡುತ್ತಿದ್ದರು. ತಡೆಯುತ್ತಲೇ ಬಾಯಲ್ಲಿ ಅದೇ ಶಬ್ದ, ಡಿಸ್‌ಮಿಸ್, ಡಿಸ್‌ಮಿಸ್. ಹುಡುಗರು ಒಬ್ಬೊಬ್ಬರಾಗಿ ಅವರ ಕಾಲು ಮುಟ್ಟಿ, ಮೆಟ್ಟಿಲಿಳಿದು ಹೋದರು. ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಅವರನ್ನು ಬಯ್ದು ಹಗುರಾಗಬಹುದಿತ್ತು.

ಅಂದಿನಿಂದ ಸರ್ ಮಾಳಿಗೆ ಹತ್ತಲಿಲ್ಲ. ಮನೆಯಲ್ಲೂ ತೀರ ಬೇಕಾದರಷ್ಟೇ ಬಾಯಿ ಬಿಡುತ್ತಿದ್ದರು. ಬಂದವರ ಮುಂದೆ ಹಲ್ಲು ಕಚ್ಚಿ ಕೂರುತ್ತಿದ್ದರು. ನಾವು ನಡೆಸುತ್ತಿದ್ದ ಕ್ಲಾಸೂ ಹೆಚ್ಚು ದಿನ ನಡೆಯಲಿಲ್ಲ. ದೇವಿಂದ್ರಪ್ಪ ನೌಕರಿ ಸಿಕ್ಕಿ ತರಬೇತಿಗೆ ಹೋದ. ನನ್ನೊಬ್ಬಳಿಂದ ಕ್ಲಾಸು ನಡೆಸಲಾಗಲಿಲ್ಲ. ಗಿರಣಿಯವರು ಅಲ್ಲಿ ಜೋಳದ ಚೀಲ ಒಟ್ಟಿದರು.

ನಾನು ಮಾತ್ರ ಭಾನುವಾರಗಳಂದು ಅವರ ಮನೆಗೆ ಹೋಗುತ್ತಿದ್ದೆ. ಪರೀಕ್ಷೆಗೆ ಓದುವ ನೆಪ. ಅಂಥ ಒಂದು ಭಾನುವಾರ ಹೋದಾಗ ವೈನಿ ಅಡುಗೆಮನೆಯಲ್ಲಿ ಕುಳಿತು ಅಳುತ್ತಿದ್ದರು. ಸರ್ ತಟ್ಟೆಯನ್ನು ದೂಡಿ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು.

“ನಿನ್ನಿಯಿಂದ ಸಾಂಬಾರ್, ಸಾಂಬಾರ್ ಅಂತ ಜೀವಾ ತಿನ್ನಾಕತ್ತಾರ” ಎಂದರು ವೈನಿ. “ನಮ್ ಮನಿಯಾಗ ಬ್ಯಾಳಿ ಮಾಡೋರು. ಸಾಂಬಾರ್ ನನಗ ಬರಂಗಿಲ್ಲ. ಬಾಜೂ ಮನ್ಯಾಕಿನ ಕೇಳಿ ಮಸಾಲಿ ಕಲಸಿ ಮಾಡ್ದೆ. ಒಂದ್ ತುತ್ತು ಬಾಯಿಗಿ ಇಟ್ಟು ಗಂಗಾಳಾನೇ ದೂಡ್ಯಾರ. ಮತ್ತ ಸಾಂಬಾರ್ ಅಂತಾರ. ನಾ ಏನ್ ಮಾಡ್ಲಿ?”

ನಾನು ಬೆರಳಿನಿಂದ ಆ ಸಾಂಬಾರ್ ನೆಕ್ಕಿ ನೋಡಿದೆ. ಉಪ್ಪಿರಲಿಲ್ಲ. ರಕ್ತದೊತ್ತಡ ಅಂತ ಡಾಕ್ಟರು ಉಪ್ಪು ಕಡಿಮೆ ಮಾಡಿಸಿದ್ದರು. ವೈನಿ ಪೂರ್ತಿಯೇ ಬಿಟ್ಟಿದ್ದರು. ಆಗ ಹೊಳೆಯಿತು.

“ವೈನಿ, ಸಾಂಬಾರ್ ಅಲ್ರಿ. ಸಾಂಭಾರ್. ರಾಜಸ್ಥಾನದಾಗ ಉಪ್ಪಿನ ಸರೋವರ ಅದ. ಸರ್ ಉಪ್ಪು ಕೇಳಾಕತ್ತಾರ.”

ವೈನಿ ಸೆರಗಿನಿಂದ ಮೂಗು ಒರೆಸಿಕೊಂಡರು. ಎದ್ದು ಒಂದು ಚಿಟಿಕೆ ಉಪ್ಪು ತೆಗೆದುಕೊಂಡು ಹೋಗಿ ಗಂಡನ ಮುಂದೆ ಹಿಡಿದರು. ಸರ್ ಆ ಅಂಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ತಲೆಯಾಡಿಸಿದರು. ಹೌದು, ಹೌದು, ಹೌದು ಎಂಬಂತೆ.

ಒಳಗೆ ಬಂದ ವೈನಿ ನನ್ನ ಮುಂದೆ ಕುಳಿತು, “ತಂಗಿ, ನನಗ ಜಿ.ಕೆ. ಕಲಿಸು” ಎಂದರು.

“ನಿಮಗ್ಯಾಕ್ರಿ ವೈನಿ?”

“ಅವರು ಅನ್ನೂದು ನನಗ ತಿಳೀಬೇಕಲ್ಲವಾ. ನೀವು ದಿನಾ ಬರಂಗಿಲ್ಲ. ನಾ ಇಲ್ಲೇ ಇರಾಕಿ.”

ಹೀಗೆ ವೈನಿ ಓದಲು ಕುಳಿತರು. ಗಿರಣಿಯ ಮಾಳಿಗೆಯಿಂದ ನಕಾಶೆಯನ್ನು ತಂದು ಮನೆಯ ಗೋಡೆಗೆ ಹಚ್ಚಿದೆವು. ನಾನು ಒಂದೊಂದು ರಾಜ್ಯ ಹಿಡಿದು, ಅಲ್ಲಿ ಏನು ಬೆಳೆಯುತ್ತದೆ, ಏನು ಸಿಗುತ್ತದೆ, ಎಂಥ ಹವೆ ಎಂದು ಹೇಳುತ್ತಿದ್ದೆ. ಪರೀಕ್ಷೆಗೆ ಓದುವವರು ಅದನ್ನು ಬಾಯಿಪಾಠ ಮಾಡುತ್ತಾರೆ. ವೈನಿ ಹಾಗಲ್ಲ. ಪ್ರತಿಯೊಂದಕ್ಕೂ, ಅವರು ಇದನ್ನು ಅಂದರೆ ಏನು ಕೇಳುತ್ತಿರಬಹುದು ಎಂಬ ಕಡೆಯಿಂದ ಯೋಚಿಸುತ್ತಿದ್ದರು. ಚಿರಾಪುಂಜಿ ಅಂದ್ರ ಮಳಿ ಬಂತು, ಒಣ ಹಾಕಿದ ಅರಿವಿ ತಗೀ ಅಂತ. ಥಾರ್ ಅಂದ್ರ ಸೆಕಿ, ಫ್ಯಾನ್ ಹಚ್ಚು ಅಂತ. ಎರಡು ಮೂರು ಭಾನುವಾರ ಕಳೆಯುವಷ್ಟರಲ್ಲಿ ಸರ್ ಕಟ್ಟೆ ಬಿಟ್ಟು ಒಳಗೆ ಬಂದು ನಮ್ಮ ಹತ್ತಿರ ಕೂರತೊಡಗಿದರು. ನಾನು ಚಿಲ್ಕಾ ಸರೋವರವನ್ನು ಆಂಧ್ರದಲ್ಲಿ ತೋರಿಸಿದ ದಿನ ಕೋಲು ಎತ್ತಿ ನೆಲಕ್ಕೆ ಕುಟ್ಟಿದರು. ಎದ್ದು, ಕಾಲೆಳೆಯುತ್ತಾ ಹೋಗಿ, ಒಡಿಶಾದ ಮೇಲೆ ಬೆರಳಿಟ್ಟರು. ನನಗೆ ಬಯ್ಗುಳ ತಿಂದಷ್ಟು ಸಂತೋಷವಾಯಿತು.

ಹೆದರಿಕೆ ಬಿಟ್ಟು ಅವರು ಮತ್ತೆ ಮಾತಾಡಲು ಶುರು ಮಾಡಿದ್ದು ಆಗಲೇ. ತಪ್ಪೇ ಮಾತು. ಆದರೆ ಮನೆತುಂಬ ಮಾತು. ನಾನು ಹೋದಾಗ ಬೀದಿಯಿಂದಲೇ ಕೇಳಿಸುತ್ತಿತ್ತು. ಒಮ್ಮೆ ಪಕ್ಕದ ಮನೆಯಲ್ಲಿ ಅಣ್ಣ ತಮ್ಮಂದಿರ ಜಗಳ ನಡೆದಿತ್ತು. ವೈನಿ ಬಾಗಿಲಲ್ಲೇ ನನ್ನನ್ನು ತಡೆದು, “ಸುಮ್ನ ಒಳಗ ಬಾ. ಪಾನಿಪತ್ ನಡದದ” ಎಂದು ನಕ್ಕರು. ಒಳಗಿಂದ ಸರ್, “ಮೂರನೇದು!” ಎಂದರು.

ಒಂದು ಮಧ್ಯಾಹ್ನ ನಕಾಶೆ ನೋಡುತ್ತಿದ್ದ ವೈನಿ ಇದ್ದಕ್ಕಿದ್ದಂತೆ ಗಂಡನ ಕಡೆ ತಿರುಗಿದರು.

“ಇಷ್ಟ್ ಊರ ಹೆಸ್ರು ತಲ್ಯಾಗ ಇಟ್ಕೊಂಡೀರಿ. ಒಂದ್ ದಿನಾ ಒಂದ್ ಊರಿಗಿ ನನ್ನ ಕರ್ಕೊಂಡ್ ಹೋಗಿಲ್ಲ ನೋಡ್ರಿ.”

ಸರ್ ತಲೆ ತಗ್ಗಿಸಿದರು. ತುಟಿ ಅಲುಗಾಡಿತು. ಶಬ್ದ ಹುಡುಕುವಾಗ ಅವರ ಕೊರಳ ನರ ಬಿಗಿಯುತ್ತಿತ್ತು. ನೋಡಲಾಗುತ್ತಿರಲಿಲ್ಲ. ಕೊನೆಗೆ ಎಡಗೈಯನ್ನು ವೈನಿಯ ಎದೆಯ ಕಡೆ ತೋರಿಸಿ, “ಆಗ್ರಾ” ಎಂದರು. ಮತ್ತೊಮ್ಮೆ, ಬಹಳ ಮೆಲ್ಲಗೆ, “ಆಗ್ರಾ.”

“ಆಗ್ರಾಕ್ಕ ಹೋಗೂನಂತಾರೇನ?” ವೈನಿ ನನ್ನನ್ನು ಕೇಳಿದರು. “ಅಲ್ಲೇನದ?”

ನನಗೆ ಸಂಕೋಚವಾಯಿತು. ಹೇಗೆ ಹೇಳುವುದು? “ಅಲ್ಲಿ ಒಬ್ಬ ಬಾದಶಹಾ ತನ್ನ ಹೆಂಡ್ತಿ ಸಲುವಾಗಿ ಒಂದು ಗೋರಿ ಕಟ್ಟಿಸ್ಯಾನ್ರಿ, ಬಿಳಿ ಕಲ್ಲಿಂದು” ಎಂದೆ.

“ಗೋರಿ!” ವೈನಿ ಎದ್ದು ನಿಂತೇಬಿಟ್ಟರು. “ನಾ ಇನ್ನಾ ಗಟ್ಟಿ ಅದೀನಿ, ಈಗೇ ಗೋರಿ ಕಟ್ಟಸಾಕತ್ತೀರಿ?”

ಸರ್ ನಗಲು ಶುರು ಮಾಡಿದರು. ಮುಖದ ಒಂದು ಪಕ್ಕ ಮಾತ್ರ ನಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ವೈನಿಯೂ ನಕ್ಕರು. ನಗುತ್ತಾ ಸೆರಗಿನಿಂದ ಅವರ ಬಾಯಿ ಒರೆಸಿದರು. ಲಕ್ವಾ ಹೊಡೆದ ಮೇಲೆ ಸರ್ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಚಳಿಗಾಲ ಕಳೆದ ಮೇಲೆ ನನ್ನ ಫಲಿತಾಂಶ ಬಂತು. ಯಾದಗಿರಿಯಲ್ಲಿ ಗುಮಾಸ್ತೆಯ ಹುದ್ದೆ. ಅಪ್ಪ ಕುರಿಹಿಂಡನ್ನು ಅಣ್ಣನಿಗೆ ಒಪ್ಪಿಸಿ, ಪೇಡೆ ತೆಗೆದುಕೊಂಡು ನನ್ನ ಜೊತೆ ಸುರಪುರಕ್ಕೆ ಬಂದ. ಸರ್ ಸುದ್ದಿ ಕೇಳಿ ಎದ್ದು ನಿಂತರು. ಕೋಲು ಬಿಟ್ಟು, ಗೋಡೆ ಹಿಡಿದು, ನನ್ನ ತಲೆಯ ಮೇಲೆ ಎಡಗೈ ಇಟ್ಟು, ಅವರಿಗೆ ಸಾಧ್ಯವಾದಷ್ಟು ಸ್ಪಷ್ಟವಾಗಿ ಹೇಳಿದರು:

“ರಾಜೀನಾಮೆ.”

ಹೇಳಿದ ಕ್ಷಣವೇ ಅವರಿಗೆ ಗೊತ್ತಾಯಿತು. ಅಲ್ಲ ಅಲ್ಲ ಎಂಬಂತೆ ತಲೆಯಾಡಿಸಿದರು. ಮತ್ತೆ ಪ್ರಯತ್ನಿಸಿದರು. ಮತ್ತೆ ಅದೇ ಬಂತು. ತಮ್ಮ ಬಾಯಿಗೆ ತಾವೇ ಫಟ್ಟನೆ ಹೊಡೆದುಕೊಂಡರು, ಮತ್ತೊಂದು ಸಲ. ವೈನಿ ಓಡಿ ಬಂದು ಆ ಕೈಯನ್ನು ಹಿಡಿದು ತಮ್ಮ ಎರಡೂ ಕೈಗಳಲ್ಲಿ ಮುಚ್ಚಿಕೊಂಡರು.

“ಭಾಳ ಖುಷಿ ಆಗ್ಯಾದಂತವಾ” ಎಂದರು ನನಗೆ. “ನಿಂತು ಚಂದಾಗಿ ಕೆಲಸಾ ಮಾಡು ಅಂತಾರ. ನಿಮ್ಮಪ್ಪಗ ಚೊಲೋ ನೋಡ್ಕೋ ಅಂತಾರ.”

ಅಷ್ಟೆಲ್ಲ ಅವರು ಹೇಳಿರಲಿಲ್ಲ. ಆದರೆ ಸರ್ ಶಾಂತರಾಗಿ, ಹೌದು ಎಂದು ತಲೆಯಾಡಿಸಿದರು. ಅಪ್ಪ ತಲೆಯ ರುಮಾಲು ತೆಗೆದು ಕಣ್ಣೊರೆಸಿಕೊಂಡ.

ನೌಕರಿ ಸಿಕ್ಕ ಮೇಲೆ ನನಗೆ ಮೊದಲಿನಷ್ಟು ಹೋಗಲಾಗಲಿಲ್ಲ. ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ ಎಂದರೆ ರಜೆಯ ಅರ್ಧ ದಿನ ಬಸ್ಸಿನಲ್ಲೇ. ಹೋದಾಗ ಅವರಿಬ್ಬರ ಮಾತಿನಲ್ಲಿ ನನಗೇ ಅರ್ಥವಾಗದ ಶಬ್ದಗಳು ಸೇರಿರುತ್ತಿದ್ದವು. ಸರ್ ಒಂದು ಒಪ್ಪಂದದ ಹೆಸರು ಹೇಳಿದರೆ ವೈನಿ ಹಾಸಿಗೆ ಕೊಡವುತ್ತಿದ್ದರು. ಯಾವುದೋ ಗ್ರಹದ ಹೆಸರು ಹೇಳಿದರೆ, “ಆಕಿ ನಾಳಿ ಬರ್ತಾಳ, ಇವತ್ತು ಕೆಲಸ ಅದಂತ” ಎನ್ನುತ್ತಿದ್ದರು. ಯಾರು ಆಕಿ, ಯಾಕೆ ಆ ಗ್ರಹ, ನಾನು ಕೇಳಲಿಲ್ಲ. ಮಾಳಿಗೆಯ ಮೇಲೆ ನಮಗೆಲ್ಲ ಇಂಗ್ಲಿಷ್ ಮಾತಾಡಿಸಿದ ಮನುಷ್ಯ ಈಗ ಒಬ್ಬರಿಗೆ ಮಾತ್ರ ತಿಳಿಯುವ ಭಾಷೆ ಆಡುತ್ತಿದ್ದರು. ಒಂದು ಸಂಜೆ ಬಸ್ ನಿಲ್ದಾಣದ ತನಕ ಕಳಿಸಲು ಬಂದ ವೈನಿ ಹೇಳಿದರು: “ಮದ್ವಿ ಆದಾಗಿಂದ ನನ್ ಕೂಡ ಇಷ್ಟು ಮಾತಾಡಿದ್ದಿಲ್ಲವಾ. ಪಾಪ ತಗಲ್ತದೇನೋ ಹಿಂಗ ಅಂದ್ರ. ಆದ್ರ ನನಗ ಈಗ ಮನ್ಯಾಗ ಮನಷ್ಯಾ ಅದಾರ ಅನಸ್ತದ.”

ಎರಡನೆಯ ಸಲ ಲಕ್ವಾ ಬಂದಾಗ ಅವರನ್ನು ಕಲಬುರಗಿಗೆ ಒಯ್ಯುವಷ್ಟೂ ವೇಳೆ ಸಿಗಲಿಲ್ಲ. ನನಗೆ ಫೋನು ಮಾಡಿದವನು ದೇವಿಂದ್ರಪ್ಪ. ಈಗ ಶಹಾಪುರದಲ್ಲಿ ಕಾನ್‌ಸ್ಟೇಬಲ್. “ಸರ್ ಹೋದ್ರವಾ” ಎಂದ. ನಾನು ಕಡತ ಮುಚ್ಚಿ, ಸಾಹೇಬರಿಗೆ ಹೇಳಿ ಬಸ್ಸು ಹತ್ತಿದೆ.

ಅಂಗಳ ತುಂಬಿತ್ತು. ಖಾಕಿ ತೊಟ್ಟವರು, ಪಂಚಾಯತಿಗಳಲ್ಲಿ ಕೆಲಸ ಮಾಡುವವರು, ಶಾಲೆಗಳಲ್ಲಿ ಕಲಿಸುವವರು, ಕಡೇಚೂರಿನ ಕಾರ್ಖಾನೆಗಳಿಂದ ಪಾಳಿ ಬಿಟ್ಟು ಬಂದವರು. ಪರೀಕ್ಷೆ ಪಾಸಾಗದೆ ಉಳಿದವರೂ ಬಹಳ ಮಂದಿ ಇದ್ದರು. ಸರ್‌ಗೆ ಬಿಳಿ ಅಂಗಿ ತೊಡಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ನೆಟ್ಟಗೆ ಕುಳಿತ ಆ ಭಂಗಿ ನೋಡಿ, ಈಗ ಯಾರನ್ನೋ ಎದ್ದು ನಿಲ್ಲು ಎನ್ನುತ್ತಾರೆ ಅನ್ನಿಸಿತು. ಹೊತ್ತು ಇಳಿಯುವ ಮೊದಲು ಗುಡ್ಡದ ಆಚೆಯ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಹಿಡಿ ಮಣ್ಣು ಹಾಕುವಾಗ ದೇವಿಂದ್ರಪ್ಪ ಇಂಗ್ಲಿಷಿನಲ್ಲಿ ಏನೋ ಹೇಳಿದ. ಯಾರಿಗೂ ಕೇಳಿಸಲಿಲ್ಲ. ಅವನು ಎರಡನೆಯ ಸಲ ಹೇಳಲಿಲ್ಲ.

ನಾನು ರಜೆ ಹಾಕಿ ವೈನಿಯ ಜೊತೆ ಉಳಿದೆ. ಆಕೆ ಅತ್ತದ್ದು ಕಡಿಮೆ. ಗೋಡೆಗೆ ಒರಗಿ, ಯಾರೋ ಕರೆಯುತ್ತಾರೆ ಎಂಬಂತೆ ಬಾಗಿಲ ಕಡೆ ಕಿವಿಯಿಟ್ಟು ಕೂರುತ್ತಿದ್ದರು. ಬಂದ ಬಳಗದವರು ಮೆಲ್ಲಗೆ ಮಾತಾಡಿದರೆ ತಟ್ಟನೆ ತಿರುಗಿ, “ಹ್ಞಾಂ?” ಎನ್ನುತ್ತಿದ್ದರು.

ಮರುದಿನ ಮುಂಜಾನೆ, ಅಂಗಳದಲ್ಲಿ ಹೆಂಗಸರು ಕುಳಿತಿದ್ದಾಗ, ವೈನಿಯ ತಮ್ಮನ ಹೆಂಡತಿ ಒಳಗಿನಿಂದ ಬಂದು ಬಗ್ಗಿ ಕೇಳಿದಳು: “ಅಕ್ಕಾ, ನಿನ್ನಿಯಿಂದ ಹೊಟ್ಟಿಗಿ ಏನೂ ಇಲ್ಲ. ಒಂದ್ ಗುಟುಕು ಚಾ ಕುಡೀತೀಯೇನ?”

ವೈನಿ ತಲೆ ಎತ್ತದೆ ಹೇಳಿದರು: “ಅಸ್ಸಾಂ ಬ್ಯಾಡ.”

ತಮ್ಮನ ಹೆಂಡತಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. “ಏನಂದ್ಳು? ಅಯ್ಯ ಶಿವನೇ, ಅಕ್ಕನ ತಲಿ ಕೆಟ್ಟದೇನ?” ಎಂದು ಒಬ್ಬೊಬ್ಬರ ಮುಖ ನೋಡಿದಳು. ವೈನಿಗೆ ತಾವು ಅಂದದ್ದು ಈಗ ತಮ್ಮ ಕಿವಿಗೇ ಬಿದ್ದಂತಾಯಿತು. ಬೇರೆ ಶಬ್ದಕ್ಕಾಗಿ ಬಾಯಿ ತೆರೆದರು, ಅದು ಸಿಗಲಿಲ್ಲ. ಅವರ ಕಣ್ಣು ಅಂಗಳದ ತುಂಬ ಯಾರನ್ನೋ ಹುಡುಕಿ ಕೊನೆಗೆ ನನ್ನ ಮೇಲೆ ಬಂದು ನಿಂತಿತು.

ನಾನು ಎದ್ದು ಹೋಗಿ ಅವರ ಪಕ್ಕ ಕುಳಿತೆ. ಅವರ ಕೈ ತಣ್ಣಗಿತ್ತು. ಅದನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ.

“ವೈನಿಗಿ ಚಾ ಬ್ಯಾಡಂತ್ರಿ” ಎಂದೆ.